ಮ್ಯುಂಟರ್ ಅವರ ‘ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್’: ಆ ಕಪ್ಪು ಗೆರೆ ಎಲ್ಲಿಂದ ಬಂತು?

ಕುಂಚಪ್ರಿಯೆ ಬರೆದದ್ದು:

ಜರ್ಮನಿಯ ಕಲಾವಿದೆ ಗಾಬ್ರಿಯೇಲೆ ಮ್ಯುಂಟರ್ (1877–1962) ಅವರ ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ನಿಧಾನವಾಗಿ ಮಾತಾಡೋಣ ಎಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಚಿತ್ರದ ಹೆಸರು ‘ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್’. ಯಾವ್ಲೆನ್ಸ್ಕಿ ರಷ್ಯಾದ ಕಲಾವಿದ, ವೆರೆಫ್ಕಿನ್ ರಷ್ಯಾದ ಕಲಾವಿದೆ; ಇಬ್ಬರೂ ಮ್ಯುಂಟರ್ ಅವರ ಸ್ನೇಹಿತರು. 1908–09ರಲ್ಲಿ ರಟ್ಟಿನ ಮೇಲೆ ತೈಲವರ್ಣದಲ್ಲಿ ಬರೆದ ಈ ಚಿತ್ರ ಈಗ ಮ್ಯೂನಿಕ್ ನಗರದ ಲೆನ್‌ಬಾಖ್‌ಹೌಸ್ ಕಲಾ ಸಂಗ್ರಹಾಲಯದಲ್ಲಿದೆ. ಹೆಸರಿನಲ್ಲಿ ಇಬ್ಬರು ವ್ಯಕ್ತಿಗಳಿದ್ದರೂ ನನ್ನ ಕಣ್ಣಿಗೆ ಇದು ನಿಸರ್ಗಚಿತ್ರವೇ. ಹಸಿರು ಹುಲ್ಲಿನ ಒಂದು ಇಳಿಜಾರು, ಅದರಾಚೆಗೆ ಗಾಢ ನೀಲಿ ಬೆಟ್ಟಗಳು, ಇಳಿಜಾರಿನ ಮೇಲೆ ಒರಗಿಕೊಂಡ ಒಬ್ಬ ಗಂಡಸು ಮತ್ತು ಅಗಲ ಟೋಪಿ ಧರಿಸಿದ ಒಬ್ಬ ಹೆಂಗಸು ಇಷ್ಟೇ ಇದರಲ್ಲಿ ಇರುವುದು. ಅವರಿಬ್ಬರ ಮುಖಗಳಿಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹುಲ್ಲಿಗೆ ಒಂದು ಬಣ್ಣವಿರುವಂತೆ ಮುಖಕ್ಕೂ ಒಂದು ಬಣ್ಣವಿದೆ, ಅಷ್ಟೇ.

ಈ ಚಿತ್ರವನ್ನು ಒಂದಾಗಿ ಹಿಡಿದಿಟ್ಟಿರುವುದು ಪ್ರತಿಯೊಂದು ಬಣ್ಣದ ಪಟ್ಟಿಯನ್ನೂ ಸುತ್ತುವರಿದಿರುವ ದಪ್ಪ ಕಡುಗೆರೆ. ಬೆಟ್ಟಕ್ಕೂ ಅದೇ ಗೆರೆ, ಮನುಷ್ಯರಿಗೂ ಅದೇ ಗೆರೆ. ಇದಕ್ಕೆ ಒಂದೆರಡು ವರ್ಷ ಹಿಂದಿನ ಅವರ ತೈಲಚಿತ್ರಗಳನ್ನು ನೋಡಿದರೆ ನೈಫಿನಿಂದ ದಪ್ಪ ದಪ್ಪನಾಗಿ ಮೆತ್ತಿದ, ಕ್ಷಣದ ಬೆಳಕನ್ನು ಹಿಡಿಯಲೆತ್ನಿಸುವ ಇಂಪ್ರೆಷನಿಸಂ ದಾರಿಯ ಚಿತ್ರಗಳು ಸಿಗುತ್ತವೆ. ಅವುಗಳಲ್ಲಿ ಇಂತಹ ಗೆರೆಯೇ ಇಲ್ಲ. ಹೀಗಿರುವಾಗ 1908ರ ಬೇಸಿಗೆಯಲ್ಲಿ ಇದು ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆ. ಅವರ ಗುರುವೂ ಸಂಗಾತಿಯೂ ಆಗಿದ್ದ ರಷ್ಯಾದ ಕಲಾವಿದ ಕಾಂಡಿನ್‌ಸ್ಕಿಯವರಿಂದ ಬಂತು, ಯಾವ್ಲೆನ್ಸ್ಕಿಯವರಿಂದ ಬಂತು, ಬವೇರಿಯಾದ ಹಳ್ಳಿಗರ ಗಾಜಿನ ಚಿತ್ರಗಳಿಂದ ಬಂತು ಎಂದು ಬೇರೆ ಬೇರೆ ಉತ್ತರಗಳನ್ನು ಓದಿದ್ದೇನೆ. ಈ ಮೂರರಲ್ಲೂ ಕಲಾವಿದೆಯ ಹೊರಗಿನಿಂದಲೇ ಎಲ್ಲವೂ ಬಂದಂತೆ ಹೇಳಲಾಗುತ್ತದೆ ಎಂಬುದು ನನ್ನನ್ನು ಬಹಳ ಕಾಡುತ್ತಿದೆ.

ಇಸಾರ್ ದಂಡೆ ಬರೆದದ್ದು:

ಕುಂಚಪ್ರಿಯೆ ಅವರೇ, ನಾನು ಮ್ಯೂನಿಕ್‌ನಲ್ಲೇ ವಾಸವಾಗಿರುವುದರಿಂದ ಈ ಚಿತ್ರವನ್ನು ಹಲವು ಸಲ ನೋಡಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಅದರ ಅಳತೆಯನ್ನು ಹೇಳಬೇಕು, ಏಕೆಂದರೆ ಪರದೆಯ ಮೇಲೆ ನೋಡುವವರಿಗೆ ಅದು ತಿಳಿಯುವುದಿಲ್ಲ. ಎತ್ತರ 32.7 ಸೆಂಟಿಮೀಟರ್, ಅಗಲ 44.5 ಸೆಂಟಿಮೀಟರ್. ಬೆಟ್ಟ, ಆಕಾಶ, ಇಬ್ಬರು ಮನುಷ್ಯರು ಎಲ್ಲ ಸೇರಿ ಇಷ್ಟರೊಳಗೆ ಮುಗಿದುಹೋಗುತ್ತದೆ. ಮುರ್ನಾವ್ ಊರಿನಲ್ಲಿ ಮ್ಯುಂಟರ್ ಹೊರಗೆ ಬಯಲಿನಲ್ಲಿ ನಿಂತು ವೇಗವಾಗಿ ಬರೆಯುತ್ತಿದ್ದರು. ಕೈಯಲ್ಲಿ ಹಿಡಿದುಕೊಂಡು ನಡೆಯಬಹುದಾದ ರಟ್ಟು ಆ ಕೆಲಸಕ್ಕೆ ಒದಗುತ್ತಿತ್ತು. ಇಷ್ಟು ಚಿಕ್ಕ ಜಾಗದಲ್ಲಿ, ಅಷ್ಟು ವೇಗದಲ್ಲಿ ಹುಲ್ಲಿನ ಎಸಳು, ಬಟ್ಟೆಯ ನೆರಿಗೆ, ಮುಖದ ಭಾವ ಎಂದು ಕುಳಿತರೆ ಬೆಳಕು ಸರಿದುಹೋಗುತ್ತದೆ. ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಕುಂಚ ಎತ್ತುವ ಮೊದಲೇ ಮಾಡಬೇಕಾಗುತ್ತದೆ.

ಊರಿನ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ಮುರ್ನಾವ್ ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಆಲ್ಪ್ಸ್ ಪರ್ವತಗಳು ಏಳಲು ಆರಂಭಿಸುವ ಅಂಚಿನಲ್ಲಿದೆ. ಒಂದು ಕಡೆ ಸ್ಟಾಫೆಲ್‌ಸೇ ಸರೋವರವಿದ್ದರೆ ಇನ್ನೊಂದು ಕಡೆ ಮೈಲುಗಟ್ಟಲೆ ಹರಡಿದ ಜೌಗುಭೂಮಿ ಇದೆ. ಆ ಜೌಗಿನ ಚಪ್ಪಟೆ ನೆಲ ಮುಗಿದಲ್ಲಿ ಬೆಟ್ಟ ನೇರವಾಗಿ ಎದ್ದು ನಿಲ್ಲುವುದರಿಂದ ನಡುವೆ ಕಣ್ಣಿಗೆ ಹಂತ ಹಂತವಾದ ದೂರ ಸಿಗುವುದೇ ಇಲ್ಲ. ಇದರ ಮೇಲೆ ‘ಫ್ಯೋನ್’ (Föhn) ಎಂದು ಇಲ್ಲಿನವರು ಕರೆಯುವ ಒಣ, ಬಿಸಿ ಗಾಳಿ ದಕ್ಷಿಣದ ಪರ್ವತಗಳಿಂದ ಇಳಿದು ಬೀಸಿದ ದಿನ ಆಕಾಶ ತೊಳೆದಂತಾಗಿ, ದೂರದ ಬೆಟ್ಟಗಳು ಕಡುನೀಲಿಯಾಗಿ, ತೀರ ಹತ್ತಿರಕ್ಕೆ ಬಂದು ನಿಂತಂತೆ ಕಾಣುತ್ತವೆ. ಅಂತಹ ದಿನ ಬೆಟ್ಟದ ಅಂಚು ನಿಜಕ್ಕೂ ಗೆರೆ ಎಳೆದಂತೆಯೇ ಇರುತ್ತದೆ. ಮ್ಯುಂಟರ್ ಅವರ ನೀಲಿಯನ್ನು ಕೇವಲ ಕಲ್ಪನೆಯ ನೀಲಿ ಎಂದು ಬರೆಯುವವರು ಈ ಗಾಳಿ ಬೀಸುವ ದಿನ ಒಮ್ಮೆ ಇಲ್ಲಿಗೆ ಬರಬೇಕು. ಊರೊಳಗಿನ ಬಣ್ಣಗಳಿಗೂ ಒಂದು ಕಾರಣವಿತ್ತು. ವಾಸ್ತುಶಿಲ್ಪಿ ಎಮಾನುಯೆಲ್ ಫಾನ್ ಸೈಡ್ಲ್ ಅವರ ಮುತುವರ್ಜಿಯಿಂದ ಆ ವರ್ಷಗಳಲ್ಲಿ ಪೇಟೆಬೀದಿಯ ಮನೆಗಳ ಮುಂಭಾಗಕ್ಕೆ ಗಾಢ ಬಣ್ಣಗಳನ್ನು ಬಳಿಸಲಾಗಿತ್ತು.

ಗಾಜುಮನೆ ಬರೆದದ್ದು:

ಗೆರೆಯ ವಿಷಯಕ್ಕೆ ಬಂದರೆ ಗಾಜಿನ ಚಿತ್ರಗಳನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ. ಮುರ್ನಾವ್ ಸುತ್ತಮುತ್ತಲ ಹಳ್ಳಿಗಳಲ್ಲಿ ಗಾಜಿನ ಹಿಂಬದಿಯಲ್ಲಿ ಸಂತರ ಚಿತ್ರ ಬರೆಯುವ ಕಸುಬು ತಲೆಮಾರುಗಳಿಂದ ನಡೆದುಬಂದಿತ್ತು. ಅದೇ ಊರಿನ ಬಿಯರ್ ತಯಾರಕ ಯೋಹಾನ್ ಕ್ರೋಟ್ಸ್ ಅವರ ಬಳಿ ಅಂತಹ ಚಿತ್ರಗಳ ದೊಡ್ಡ ಸಂಗ್ರಹವಿತ್ತು. ಆ ಕಸುಬನ್ನು ಬಿಡದೆ ಉಳಿಸಿಕೊಂಡಿದ್ದ ಹೈನ್‌ರಿಖ್ ರಾಂಬೋಲ್ಡ್ ಅವರ ಬಳಿ ಮ್ಯುಂಟರ್ ಅದನ್ನು ಕಲಿತರು, ತಾವೂ ಬರೆದರು, ಹಳೆಯ ಚಿತ್ರಗಳನ್ನು ಕೊಂಡು ಮನೆಯ ಗೋಡೆಗೆ ತೂಗುಹಾಕಿದರು. ಅವರ ಜೊತೆಯವರೆಲ್ಲ ಆ ಹುಚ್ಚನ್ನು ಹಚ್ಚಿಕೊಂಡರು.

ಮೈಸೂರು, ತಂಜಾವೂರು ಕಡೆಯ ಹಳೆಯ ಗಾಜಿನ ಚಿತ್ರಗಳನ್ನು ನೋಡಿದವರಿಗೆ ಈ ಕೆಲಸದ ಕ್ರಮ ಹೊಸದೇನಲ್ಲ. ಸಾಮಾನ್ಯ ಚಿತ್ರದಲ್ಲಿ ಹಿನ್ನೆಲೆ ಮೊದಲು, ಸೂಕ್ಷ್ಮ ಕೆಲಸ ಕೊನೆಗೆ. ಗಾಜಿನ ಹಿಂಬದಿಯಲ್ಲಿ ಇದು ಪೂರ್ತಿ ತಲೆಕೆಳಗಾಗುತ್ತದೆ. ಮೊದಲು ಹೊರಗೆರೆ, ಕಣ್ಣಿನ ಚುಕ್ಕೆ, ಒಡವೆಯ ಹೊಳಪು. ಆಮೇಲೆ ಗೆರೆಗಳ ನಡುವೆ ತುಂಬುವ ಬಣ್ಣ. ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಮೊದಲು ಎಳೆದ ಗೆರೆಯೇ ನೋಡುಗರ ಕಣ್ಣಿಗೆ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ, ಮತ್ತು ಅದರ ಹಿಂದೆ ಬಣ್ಣ ತುಂಬಿದ ಮೇಲೆ ಅದನ್ನು ತಿದ್ದಲು ಸಾಧ್ಯವಿಲ್ಲ. ಈ ಕ್ರಮಕ್ಕೆ ಕೈ ಒಗ್ಗಿದ ಮೇಲೆ ರಟ್ಟಿನ ಮೇಲೆ ಬರೆಯುವಾಗಲೂ ಗೆರೆಗೆ ಮೊದಲ ಸ್ಥಾನ ಕೊಡುವುದು ಸಹಜವಲ್ಲವೇ? ನೆರಳು-ಬೆಳಕಿನಿಂದ ಮೈ ತುಂಬಿಸದೆ ಬಣ್ಣವನ್ನು ಸಪಾಟಾಗಿ ಬಿಡುವುದೂ ಅಲ್ಲಿಂದಲೇ ಬಂದಿದೆ ಎಂದು ನಾನು ನಂಬುತ್ತೇನೆ.

ಚೌಕಟ್ಟು ಬರೆದದ್ದು:

ಗಾಜುಮನೆ ಅವರು ಕಸುಬಿನ ಕ್ರಮವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕಾಲಾನುಕ್ರಮವನ್ನು ಗಮನಿಸಬೇಕು. ಮ್ಯುಂಟರ್, ಕಾಂಡಿನ್‌ಸ್ಕಿ, ಯಾವ್ಲೆನ್ಸ್ಕಿ, ವೆರೆಫ್ಕಿನ್ ನಾಲ್ವರೂ 1908ರ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮುರ್ನಾವ್‌ನ ಗ್ರೀಸ್‌ಬ್ರೋಯ್ ಎಂಬ ವಸತಿಗೃಹದಲ್ಲಿ ಉಳಿದು ಜೊತೆಯಾಗಿ ಚಿತ್ರ ಬರೆದರು. ಮ್ಯುಂಟರ್ ಅವರ ಬದಲಾವಣೆ ನಡೆದದ್ದು ಆ ವಾರಗಳಲ್ಲೇ. ಕೆಲಕಾಲ ಒದ್ದಾಡಿದ ಮೇಲೆ ತಾವು ಒಂದು ದೊಡ್ಡ ಜಿಗಿತ ಜಿಗಿದುದಾಗಿಯೂ, ಕಂಡದ್ದನ್ನು ಕಂಡಂತೆ ಬರೆಯುವುದನ್ನು ಬಿಟ್ಟು ಅದರ ಒಳಗಿನ ಸಾರವನ್ನು ಅನುಭವಿಸಿ ಕೊಡುವ ದಾರಿಗೆ ಬಂದುದಾಗಿಯೂ ಅವರೇ 1911ರ ದಿನಚರಿಯಲ್ಲಿ ಆ ದಿನಗಳ ಬಗ್ಗೆ ಬರೆದುಕೊಂಡಿದ್ದಾರೆ. ರಾಂಬೋಲ್ಡ್ ಅವರ ಬಳಿ ಕೂತು ಗಾಜಿನ ಮೇಲೆ ಕೈ ಪಳಗಿಸಿಕೊಂಡದ್ದು ಈ ಜಿಗಿತದ ನಂತರ. ಆದ್ದರಿಂದ ಗಾಜು ಗೆರೆಯನ್ನು ಹುಟ್ಟಿಸಲಿಲ್ಲ, ಈಗಾಗಲೇ ಹುಟ್ಟಿದ ಗೆರೆಗೆ ಬೆಂಬಲವಾಗಿ ನಿಂತಿತು ಎಂದರೆ ಹೆಚ್ಚು ಸರಿಯಾದೀತು.

ಆ ಬೇಸಿಗೆಯ ನಾಲ್ವರಲ್ಲಿ ಹೊಸ ಫ್ರೆಂಚ್ ಚಿತ್ರಕಲೆಯನ್ನು ತೀರ ಹತ್ತಿರದಿಂದ ಅರಗಿಸಿಕೊಂಡಿದ್ದವರು ಯಾವ್ಲೆನ್ಸ್ಕಿ. ಫ್ರೆಂಚ್ ಚಿತ್ರಕಾರ ಗೋಗ್ಯಾಂ ಅವರ ಬಳಗದ ಪೋಲ್ ಸೆರ್ಯೂಸಿಯೆ, ಯಾನ್ ಫರ್ಕಾಡೆ ಅವರೊಂದಿಗೆ ಅವರಿಗೆ ಒಡನಾಟವಿತ್ತು. ಸಪಾಟು ಬಣ್ಣದ ಸುತ್ತ ಕಡುಗೆರೆ ಕಟ್ಟುವ ಪದ್ಧತಿ ಆ ಬಳಗದ್ದೇ. ಮ್ಯುಂಟರ್ ತಮ್ಮ ರಟ್ಟುಗಳನ್ನು ಯಾವ್ಲೆನ್ಸ್ಕಿಯವರಿಗೆ ತೋರಿಸುತ್ತಿದ್ದರು, ಅವರು ಮೆಚ್ಚಿ ತಾವು ಕಲಿತುಬಂದದ್ದನ್ನು ವಿವರಿಸುತ್ತಿದ್ದರು ಎಂಬುದಕ್ಕೆ ಕಲಾವಿದೆಯ ಮಾತೇ ಸಾಕ್ಷಿ. ಗಾಜಿನ ಚಿತ್ರಗಳ ಕಡೆ ಮೊದಲು ಗಮನ ಸೆಳೆದವರೂ ಯಾವ್ಲೆನ್ಸ್ಕಿಯವರೇ ಎಂದು ಆಕೆ ಹೇಳಿದ್ದಾರೆ. ಋಣವನ್ನು ಸ್ವತಃ ಕಲಾವಿದೆಯೇ ಇಷ್ಟು ಮುಕ್ತವಾಗಿ ಒಪ್ಪಿಕೊಂಡಿರುವಾಗ ನಾವು ಅದನ್ನು ಮರೆಮಾಡುವುದು ಸರಿಯಲ್ಲ.

ಅಚ್ಚುಮೊಳೆ ಬರೆದದ್ದು:

ನಾನು ಗ್ರಾಫಿಕ್ ಕಲೆಯಲ್ಲಿ ಕೆಲಸ ಮಾಡುವವನು. ಹಾಗಾಗಿ ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ಸಂಗತಿಯನ್ನು ಮುಂದಿಡಬೇಕೆನಿಸಿತು. ಮುರ್ನಾವ್‌ಗೆ ಬರುವ ಮೊದಲು, 1906–07ರಲ್ಲಿ, ಮ್ಯುಂಟರ್ ಪ್ಯಾರಿಸ್ ಮತ್ತು ಅದರ ಪಕ್ಕದ ಸೇವ್ರ್ ಊರಿನಲ್ಲಿದ್ದರು. ಅಲ್ಲಿ ಅವರು ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ ಬಣ್ಣದ ಲಿನೋಕಟ್ ಮತ್ತು ವುಡ್‌ಕಟ್, ಅಂದರೆ ಲಿನೋಲಿಯಂ ಅಥವಾ ಮರದ ಹಲಗೆಯನ್ನು ಕೆತ್ತಿ ಬಣ್ಣ ಹಚ್ಚಿ ಒತ್ತುವ ಅಚ್ಚುಚಿತ್ರಗಳು. ‘ಆರೆಲಿ’ (1906), ‘ಹಾರ್ಮೋನಿಯಂ ಬಳಿ ಕಾಂಡಿನ್‌ಸ್ಕಿ’ (1907) ಮೊದಲಾದ ಅಚ್ಚುಚಿತ್ರಗಳನ್ನು ದಯವಿಟ್ಟು ನೋಡಿ. ತೈಲಚಿತ್ರದಲ್ಲಿ ಇನ್ನೂ ನೈಫ್ ಹಿಡಿದು ಮೆತ್ತುತ್ತಿದ್ದ ಅದೇ ಕಾಲದಲ್ಲಿ ಅಚ್ಚಿನ ಹಲಗೆಯ ಮೇಲೆ ಅವರು ಸಪಾಟು ಬಣ್ಣ, ಖಚಿತ ಹೊರಗೆರೆ, ಅನಗತ್ಯವಾದುದನ್ನೆಲ್ಲ ಬಿಟ್ಟ ಮುಖ ಇವೆಲ್ಲವನ್ನೂ ಸಾಧಿಸಿಯಾಗಿತ್ತು.

ಲಿನೋ ಕೆತ್ತಿದವರಿಗೆ ಇದರ ಮಹತ್ವ ಗೊತ್ತಾಗುತ್ತದೆ. ಉಳಿ ಹಿಡಿದು ಕೆತ್ತುವಾಗ ನಡುವಣ ಛಾಯೆ ಎಂಬುದಿಲ್ಲ. ಕೆತ್ತಿ ತೆಗೆದದ್ದು ಬಿಳಿ, ಉಳಿದದ್ದು ಬಣ್ಣ. ಕೆನ್ನೆ ಎಲ್ಲಿ ಮುಗಿಯುತ್ತದೆ, ಕೂದಲು ಎಲ್ಲಿ ಶುರುವಾಗುತ್ತದೆ ಎಂದು ಕೈ ತೀರ್ಮಾನಿಸಲೇಬೇಕು. ಇನ್ನೂ ಮುಖ್ಯವಾದುದು ಏನೆಂದರೆ, ಅವರು ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣಗಳಲ್ಲಿ ಅಚ್ಚು ಹಾಕಿ ನೋಡುತ್ತಿದ್ದರು. ಆಕಾರ ಬದಲಾಗದೆ ಬಣ್ಣ ಮಾತ್ರ ಬದಲಾಗುತ್ತಾ ಹೋದಾಗ, ಆಕಾರವನ್ನು ಹಿಡಿಯುವ ಕೆಲಸ ಗೆರೆಯದು, ಬಣ್ಣಕ್ಕೆ ಕಂಡದ್ದನ್ನೇ ಕಾಣಿಸಬೇಕೆಂಬ ಹಂಗಿಲ್ಲ ಎಂಬ ಅರಿವು ಕಲಾವಿದರಿಗೆ ತಾನಾಗಿಯೇ ಮೂಡುತ್ತದೆ. ಮುರ್ನಾವ್‌ನ ನೀಲಿ ಬೆಟ್ಟದ ಹಿಂದೆ ಈ ಅಚ್ಚಿನ ಹಲಗೆಯನ್ನು ನಾನು ಸ್ಪಷ್ಟವಾಗಿ ಕಾಣುತ್ತೇನೆ. ಯಾವ್ಲೆನ್ಸ್ಕಿಯವರು ಹೇಳಿಕೊಟ್ಟದ್ದು ನಿಜವಿರಬಹುದು. ಆದರೆ ಕೇಳಿಸಿಕೊಂಡವರು ಆಗಲೇ ಅದನ್ನು ಇನ್ನೊಂದು ಮಾಧ್ಯಮದಲ್ಲಿ ಮಾಡಿ ಮುಗಿಸಿದ್ದರು. ಆ ಕಾರಣದಿಂದಲೇ ಆರೇಳು ವಾರಗಳಲ್ಲಿ ಅಷ್ಟು ದೊಡ್ಡ ಬದಲಾವಣೆ ಸಾಧ್ಯವಾಯಿತು.

ಡ್ರಾಯಿಂಗ್ ಮೇಷ್ಟ್ರು ಬರೆದದ್ದು:

ಎಲ್ಲರ ಬರಹಗಳನ್ನೂ ಓದಿದೆ. ಪ್ರೌಢಶಾಲೆಯ ಮಕ್ಕಳಿಗೆ ಈ ಚಿತ್ರವನ್ನು ತೋರಿಸಿದಾಗ ಅವರು ಗೆರೆಯನ್ನು ಕೇಳುವುದಿಲ್ಲ, ಮುಖ ಯಾಕಿಲ್ಲ ಎಂದು ಕೇಳುತ್ತಾರೆ. ಇಬ್ಬರೂ ಕಲಾವಿದೆಯ ಆಪ್ತ ಸ್ನೇಹಿತರು, ಒಟ್ಟಿಗೆ ಉಂಡವರು, ಒಟ್ಟಿಗೆ ತಿರುಗಾಡಿದವರು. ವೆರೆಫ್ಕಿನ್ ಅವರಂತೂ ರಷ್ಯಾದ ಹೆಸರಾಂತ ಚಿತ್ರಕಾರ ರೇಪಿನ್ ಅವರ ಶಿಷ್ಯೆಯಾಗಿದ್ದು, ರಷ್ಯಾದಲ್ಲಿ ಆಗಲೇ ಹೆಸರು ಮಾಡಿದ್ದ ಹಿರಿಯ ಕಲಾವಿದೆ. ಅಂತಹವರ ಹೆಸರನ್ನು ಚಿತ್ರಕ್ಕಿಟ್ಟು ಮುಖವನ್ನು ಖಾಲಿ ಬಿಟ್ಟಿರುವುದನ್ನು ಮಕ್ಕಳಿಗೆ ಹೇಗೆ ವಿವರಿಸಬೇಕು? ಕುಂಚಪ್ರಿಯೆ ಮೇಡಂ ಇದನ್ನು ನಿಸರ್ಗಚಿತ್ರ ಎಂದಿದ್ದಾರೆ. ಹಾಗಾದರೆ ಆ ಇಬ್ಬರು ಅಲ್ಲಿ ಏಕೆ ಬೇಕಾಗಿತ್ತು ಎಂಬುದನ್ನೂ ಅವರೇ ಹೇಳಲಿ.

ಕುಂಚಪ್ರಿಯೆ ಬರೆದದ್ದು:

ಮೇಷ್ಟ್ರೇ, ಮಕ್ಕಳ ಪ್ರಶ್ನೆ ನೇರವಾಗಿ ಚಿತ್ರದ ಮರ್ಮಕ್ಕೇ ಹೋಗುತ್ತದೆ. ಮುಖ ಬರೆಯಲು ಬಾರದೆ ಬಿಟ್ಟದ್ದಲ್ಲ ಎಂಬುದನ್ನು ಮೊದಲು ಅವರಿಗೆ ತೋರಿಸಬಹುದು. 1909ರಲ್ಲಿ ಮ್ಯುಂಟರ್ ಇದೇ ವೆರೆಫ್ಕಿನ್ ಅವರ ಭಾವಚಿತ್ರವನ್ನು ದೊಡ್ಡದಾಗಿ ಬರೆದಿದ್ದಾರೆ, ಅದೂ ಲೆನ್‌ಬಾಖ್‌ಹೌಸ್‌ನಲ್ಲಿದೆ. ಹಳದಿ ಹಿನ್ನೆಲೆ, ಹೂವು ತುಂಬಿದ ಭಾರೀ ಟೋಪಿ, ಅದರ ಕೆಳಗಿನಿಂದ ನಮ್ಮತ್ತ ತಿರುಗಿ ನೋಡುವ ತುಂಬು ಆತ್ಮವಿಶ್ವಾಸದ ಮುಖ. ಒಬ್ಬರೇ ವ್ಯಕ್ತಿ, ಹೆಚ್ಚುಕಡಿಮೆ ಒಂದೇ ಕಾಲ, ಒಬ್ಬರದೇ ಕೈ. ಭಾವಚಿತ್ರ ಬರೆಯುವಾಗ ಮುಖ ಬೇಕಾಯಿತು, ಹುಲ್ಲುಗಾವಲನ್ನು ಬರೆಯುವಾಗ ಬೇಡವಾಯಿತು. ಇಳಿಜಾರಿನ ಮೇಲೆ ಆ ಇಬ್ಬರಿಗೆ ಕಣ್ಣು ಬರೆದಿದ್ದರೆ ನಮ್ಮ ದೃಷ್ಟಿ ಅಲ್ಲೇ ನಿಂತುಬಿಡುತ್ತಿತ್ತು. ಬೆಟ್ಟ ಪರದೆಯಾಗಿ ಹಿಂದೆ ಸರಿಯುತ್ತಿತ್ತು. ಈಗ ಹಾಗಾಗುವುದಿಲ್ಲ. ಹುಲ್ಲು, ಬೆಟ್ಟ, ಮನುಷ್ಯರು ಸರಿಸಮನಾಗಿ ನಿಲ್ಲುತ್ತಾರೆ. ಹಾಗೆಂದು ಅವರು ಯಾರೋ ಅನಾಮಿಕರೂ ಅಲ್ಲ: ಒರಗಿದ ಭಂಗಿ, ಟೋಪಿಯ ಅಗಲ ಇಷ್ಟರಿಂದಲೇ ಅವರನ್ನು ಬಲ್ಲವರು ಗುರುತು ಹಿಡಿಯುವಂತಿದೆ. ದೂರದಿಂದ ಬರುವ ಪರಿಚಿತರನ್ನು ನಾವು ನಡಿಗೆಯಿಂದಲೇ ಗುರುತಿಸುವ ಹಾಗೆ.

ಹೀಗೆ ನೋಡುವ ಕಣ್ಣು ಅವರಿಗೆ ಹೇಗೆ ಬಂತು ಎಂಬುದಕ್ಕೆ ಅಚ್ಚುಮೊಳೆ ಅವರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ, 1898ರಿಂದ 1900ರವರೆಗೆ, ಅವರು ಅಕ್ಕನ ಜೊತೆ ಅಮೆರಿಕದಲ್ಲಿದ್ದ ಬಂಧುಗಳ ಮನೆಗಳಿಗೆ ಪ್ರವಾಸ ಹೋದರು. ಮಿಸ್ಸೂರಿ, ಅರ್ಕನ್ಸಾ, ಟೆಕ್ಸಸ್ ಕಡೆ ತಿರುಗಾಡಿದರು. ಅಲ್ಲಿ ಅವರ ಕೈಗೆ ಒಂದು ಕೊಡಕ್ ಕ್ಯಾಮೆರಾ ಬಂತು. ಸುಮಾರು 400 ಫೋಟೊಗಳನ್ನು ತೆಗೆದರು. ಬಯಲಿನಲ್ಲಿ ನಿಂತ ಮನುಷ್ಯರು, ರಸ್ತೆ, ಮನೆ, ಮೇಲೆ ವಿಶಾಲ ಆಕಾಶ. ಚೌಕಟ್ಟಿನೊಳಗೆ ಏನು ಬರಬೇಕು, ಏನು ಹೊರಗುಳಿಯಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸುವ ಅಭ್ಯಾಸ ಕಾಂಡಿನ್‌ಸ್ಕಿಯವರನ್ನು ಭೇಟಿಯಾಗುವ ಮೊದಲೇ ಅವರಿಗಿತ್ತು. ಜೊತೆಗೆ ಚಿಕ್ಕಂದಿನಿಂದಲೂ ಅವರು ಗೆರೆಯಲ್ಲೇ ಮುಖಗಳನ್ನು ಹಿಡಿಯುತ್ತಿದ್ದವರು. ಆ ಕಾಲದಲ್ಲಿ ಮ್ಯೂನಿಕ್‌ನ ಅಕಾಡೆಮಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡುತ್ತಿರಲಿಲ್ಲ. ಆದ್ದರಿಂದ ಅವರು 1901ರಲ್ಲಿ ಕಲಾವಿದೆಯರ ಸಂಘದ ಶಾಲೆಗೂ, ಆನಂತರ ಕಾಂಡಿನ್‌ಸ್ಕಿ ಪಾಠ ಮಾಡುತ್ತಿದ್ದ ಫಾಲಂಕ್ಸ್ ಶಾಲೆಗೂ ಸೇರಿದರು. ನಿನಗೆ ಎಲ್ಲವೂ ಹುಟ್ಟಿನಿಂದಲೇ ಬಂದಿದೆ, ನಾನು ಕಲಿಸುವುದು ಏನೂ ಇಲ್ಲ, ನಿನ್ನ ಪ್ರತಿಭೆ ಕೆಡದಂತೆ ಕಾಯಬಲ್ಲೆ ಅಷ್ಟೇ ಎಂಬ ಅರ್ಥದ ಮಾತನ್ನು ಗುರುವೇ ಆಡಿದರೆಂದು ಮ್ಯುಂಟರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಮಕ್ಕಳಿಗೆ ಇದರ ಜೊತೆ ‘ದೋಣಿಯಾನ’ (1910) ಎಂಬ ಚಿತ್ರವನ್ನೂ ತೋರಿಸಿ. ಅದು ಈಗ ಅಮೆರಿಕದ ಮಿಲ್ವಾಕಿ ಕಲಾ ಸಂಗ್ರಹಾಲಯದಲ್ಲಿದೆ. ದೋಣಿಯಲ್ಲಿ ಕಾಂಡಿನ್‌ಸ್ಕಿ ನಿಂತಿದ್ದಾರೆ; ವೆರೆಫ್ಕಿನ್ ಮತ್ತು ಯಾವ್ಲೆನ್ಸ್ಕಿಯವರ ಮಗ ಕುಳಿತಿದ್ದಾರೆ; ಒಂದು ನಾಯಿಯೂ ಇದೆ. ಎಲ್ಲರಿಗಿಂತ ಮುಂದೆ ನಮಗೆ ಬೆನ್ನು ಮಾಡಿ ಕುಳಿತು ಹುಟ್ಟು ಹಾಕುತ್ತಿರುವ ಹೆಂಗಸು ಸ್ವತಃ ಮ್ಯುಂಟರ್. ತಮ್ಮ ಮುಖವನ್ನೂ ಅವರು ತೋರಿಸಲಿಲ್ಲ. ಆದರೆ ದೋಣಿಯನ್ನು ಮುಂದಕ್ಕೆ ಒಯ್ಯುತ್ತಿರುವವರು ಯಾರೆಂಬುದನ್ನು ಸ್ಪಷ್ಟವಾಗಿ ಬರೆದಿದ್ದಾರೆ.

ಪ್ರಶ್ನೆಗಾರ ಬರೆದದ್ದು:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಆದರೂ ಒಂದು ಸಂದೇಹವನ್ನು ಮುಂದಿಡದೆ ಇರಲಾರೆ. ಇದೇ ಮುರ್ನಾವ್‌ನ ಬೆಟ್ಟಗಳನ್ನು ನೋಡುತ್ತಾ ಕಾಂಡಿನ್‌ಸ್ಕಿ ಕೆಲವೇ ವರ್ಷಗಳಲ್ಲಿ ಬೆಟ್ಟವನ್ನೇ ಬಿಟ್ಟುಕೊಟ್ಟು ಅಮೂರ್ತ ಕಲೆಗೆ ಹೋದರು. ಮ್ಯುಂಟರ್ ಬೆಟ್ಟವನ್ನು ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ಕಲೆಯ ದಿಕ್ಕನ್ನು ಬದಲಿಸಿದವರು ಕಾಂಡಿನ್‌ಸ್ಕಿ. ಹೊಸ ದಾರಿಯ ಬಾಗಿಲವರೆಗೆ ಬಂದು ಒಳಗೆ ಹೋಗದೆ ನಿಂತವರು ಮ್ಯುಂಟರ್ ಎಂದು ಹಲವರು ಹೇಳುವುದರಲ್ಲಿ ಹುರುಳಿಲ್ಲವೇ?

ಚೌಕಟ್ಟು ಬರೆದದ್ದು:

ಪ್ರಶ್ನೆಗಾರ ಅವರೇ, ಇತಿಹಾಸವನ್ನು ಒಂದೇ ಬಾಗಿಲಿನ ಮನೆಯೆಂದು ಭಾವಿಸಿದರೆ ಮಾತ್ರ ಈ ತೀರ್ಮಾನ ನಿಲ್ಲುತ್ತದೆ. ಮ್ಯೂನಿಕ್‌ನ ಹೊಸ ಕಲಾವಿದರ ಸಂಘ 1909ರಲ್ಲಿ ಹುಟ್ಟಿದಾಗ ಮ್ಯುಂಟರ್ ಅದರಲ್ಲಿದ್ದರು. 1911ರ ಡಿಸೆಂಬರ್‌ನಲ್ಲಿ ಕಾಂಡಿನ್‌ಸ್ಕಿಯವರ ದೊಡ್ಡ ಚಿತ್ರವೊಂದನ್ನು ಆಯ್ಕೆ ಮಂಡಳಿ ತಿರಸ್ಕರಿಸಿದ ದಿನ ಕಾಂಡಿನ್‌ಸ್ಕಿ, ಫ್ರಾನ್ಸ್ ಮಾರ್ಕ್ ಅವರ ಜೊತೆ ಸಂಘವನ್ನು ಬಿಟ್ಟು ಹೊರಬಂದವರಲ್ಲಿ ಅವರೂ ಒಬ್ಬರು. ಅದೇ ತಿಂಗಳ 18ರಂದು ಟಾನ್‌ಹೌಸರ್ ಗ್ಯಾಲರಿಯಲ್ಲಿ ಆರಂಭವಾದ, ಕಾಂಡಿನ್‌ಸ್ಕಿ ಮತ್ತು ಮಾರ್ಕ್ ಕಟ್ಟಿದ ‘ನೀಲಿ ಸವಾರ’ ಬಳಗದ ಮೊದಲ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 1913ರಲ್ಲಿ ಹೆರ್ವಾರ್ಟ್ ವಾಲ್ಡೆನ್ ಬರ್ಲಿನ್‌ನ ತಮ್ಮ ಗ್ಯಾಲರಿಯಲ್ಲಿ ಅವರ ಏಕವ್ಯಕ್ತಿ ಪ್ರದರ್ಶನವನ್ನು ಏರ್ಪಡಿಸಿದರು. ಇವರು ಬಾಗಿಲಲ್ಲಿ ನಿಂತು ನೋಡಿದವರಲ್ಲ, ಮನೆ ಕಟ್ಟಿದವರಲ್ಲಿ ಒಬ್ಬರು.

ಅಮೂರ್ತಕ್ಕೆ ಹೋಗದಿರುವುದು ಅವರ ಆಯ್ಕೆ. ಎದುರಿಗಿರುವ ವಸ್ತುವಿನ ಸಾರ ಅವರಿಗೆ ಬೇಕಾಗಿತ್ತು, ಸಾರ ಬೇಕಾದವರು ವಸ್ತುವನ್ನು ಕಳೆದುಕೊಳ್ಳಲಾರರು. ಕಾಂಡಿನ್‌ಸ್ಕಿಯವರ 1909ರ ಮುರ್ನಾವ್ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಅಲ್ಲಿ ಬಣ್ಣಗಳು ತಮ್ಮ ಅಂಚನ್ನು ಮೀರಿ ಒಂದರೊಳಗೊಂದು ನುಗ್ಗುತ್ತವೆ, ಇಲ್ಲಿ ಗೆರೆ ಅವುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತದೆ. ಅದೇ ವರ್ಷ ಬರೆದ ಮ್ಯುಂಟರ್ ಅವರ ‘ಕೋಖೆಲ್‌ನ ಸಮಾಧಿ ಶಿಲುಬೆಗಳು’ ಚಿತ್ರದಲ್ಲಿ ಹಿಮದ ನಡುವೆ ನಿಂತ ಶಿಲುಬೆಗಳನ್ನು ನೋಡಿ. ಒಂದೊಂದು ಶಿಲುಬೆಯೂ ಒಬ್ಬೊಬ್ಬ ವ್ಯಕ್ತಿಯಂತೆ ಪ್ರತ್ಯೇಕವಾಗಿದೆ, ಹಿಮದ ಮೇಲಿನ ನೀಲಿ ನೆರಳಿಗೂ ಶಿಲುಬೆಯಷ್ಟೇ ತೂಕವಿದೆ. ಇಂತಹ ಚಿತ್ರವನ್ನು ಇನ್ನೊಬ್ಬರ ದಾರಿಯ ಅರ್ಧಭಾಗ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಇಸಾರ್ ದಂಡೆ ಬರೆದದ್ದು:

ಕಾಂಡಿನ್‌ಸ್ಕಿಯವರ ಮಾತು ಬಂದಿದ್ದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. 1914ರಲ್ಲಿ ಯುದ್ಧ ಶುರುವಾದಾಗ ರಷ್ಯಾದವರಾದ ಕಾಂಡಿನ್‌ಸ್ಕಿ ಜರ್ಮನಿ ಬಿಡಬೇಕಾಯಿತು. 1915ರ ಕೊನೆಯಲ್ಲಿ ಅವರು ಸ್ಟಾಕ್‌ಹೋಮ್‌ಗೆ ಬಂದು ಮ್ಯುಂಟರ್ ಅವರನ್ನು ಭೇಟಿಯಾಗಿ, 1916ರ ಮಾರ್ಚ್‌ನಲ್ಲಿ ಹಿಂತಿರುಗಿದರು. ಮತ್ತೆ ಅವರಿಬ್ಬರ ಭೇಟಿ ಆಗಲೇ ಇಲ್ಲ. 1917ರಲ್ಲಿ ಕಾಂಡಿನ್‌ಸ್ಕಿ ಮಾಸ್ಕೋದಲ್ಲಿ ಬೇರೆ ಮದುವೆಯಾದರು. ಅವರು ಬಿಟ್ಟುಹೋದ ಚಿತ್ರಗಳ ಬಗ್ಗೆ ವರ್ಷಗಟ್ಟಲೆ ವ್ಯಾಜ್ಯ ನಡೆದು, 1926ರಲ್ಲಿ ಒಂದು ಭಾಗ ಅವರಿಗೆ ಮರಳಿತು, ಉಳಿದವು ಮ್ಯುಂಟರ್ ಅವರ ಬಳಿಯೇ ಉಳಿದವು. ನಾಜಿಗಳು ಇಂತಹ ಕಲೆಯನ್ನು ಹೊಲಸು ಎಂದು ಸಾರಿ, ಜಪ್ತಿ ಮಾಡಿ, ಮಾರಿ, ಹಾಳುಮಾಡುತ್ತಿದ್ದ ಕಾಲದಲ್ಲಿ ಅವರು ಅವೆಲ್ಲವನ್ನೂ ಮುರ್ನಾವ್‌ನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದರು. 1957ರಲ್ಲಿ, ತಮ್ಮ 80ನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ತಮ್ಮವೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಮ್ಯೂನಿಕ್ ನಗರಕ್ಕೆ ದಾನವಾಗಿ ಕೊಟ್ಟರು. ಅಮೂರ್ತ ಕಲೆಗೆ ಕಾಂಡಿನ್‌ಸ್ಕಿ ಹೇಗೆ ತಲುಪಿದರು ಎಂಬುದನ್ನು ಇಂದು ಹಂತ ಹಂತವಾಗಿ ನೋಡಲು ಸಾಧ್ಯವಾಗಿರುವುದೇ ಆ ದಾನದಿಂದ. ಆದರೆ ಈ ತ್ಯಾಗದ ಕಥೆಯೇ ಅವರ ಚಿತ್ರಗಳನ್ನು ಮುಚ್ಚಿಹಾಕಿತು ಎಂಬ ನೋವೂ ನನಗಿದೆ. ಕಾಪಾಡಿದವರು ಎಂದು ಅವರನ್ನು ಹೊಗಳುವವರು ಬರೆದವರು ಎಂದು ನೋಡುವುದನ್ನು ಮರೆಯುತ್ತಾರೆ.

ಗಾಜುಮನೆ ಬರೆದದ್ದು:

ನಾಜಿ ಕಾಲದ ಪ್ರಸ್ತಾಪ ಬಂದಿರುವಾಗ ಅದರ ಇನ್ನೊಂದು ಮುಖವನ್ನೂ ಹೇಳುವುದು ಪ್ರಾಮಾಣಿಕತೆ. 1936ರ ಚಳಿಗಾಲದ ಒಲಿಂಪಿಕ್ಸ್ ಗಾರ್ಮಿಶ್‌ನಲ್ಲಿ ನಡೆಯಲಿದ್ದಾಗ ಅಲ್ಲಿಗೆ ಹೋಗುವ ಹೊಸ ರಸ್ತೆಯ ಕೆಲಸ ಮುರ್ನಾವ್ ಪಕ್ಕದಲ್ಲೇ ನಡೆಯಿತು. ಮ್ಯುಂಟರ್ ಆ ಕಾಮಗಾರಿಯನ್ನೂ, ಮಣ್ಣು ಅಗೆಯುವ ನೀಲಿ ಯಂತ್ರವನ್ನೂ ಚಿತ್ರಿಸಿದರು, ಮತ್ತು ಹಿಟ್ಲರನ ರಸ್ತೆಗಳನ್ನು ಕೊಂಡಾಡಲು ಸರ್ಕಾರ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಭಾಗವಹಿಸಿದರು. ಚಿತ್ರ ಬರೆದು ಬದುಕಬೇಕಾಗಿದ್ದ ಒಬ್ಬ ಕಲಾವಿದೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅವರ ಬದುಕನ್ನು ಹೇಳುವವರು ನೆಲಮಾಳಿಗೆಯನ್ನು ಮಾತ್ರ ಹೇಳಿ ಈ ರಸ್ತೆಯನ್ನು ಬಿಡಬಾರದು.

ಕುಂಚಪ್ರಿಯೆ ಬರೆದದ್ದು:

ಗಾಜುಮನೆ ಅವರೇ, ಇದನ್ನು ನೀವು ಹೇಳಿದ್ದು ಒಳ್ಳೆಯದಾಯಿತು. ನೀವು ಹೆಸರಿಸಿದ ಆ ರಸ್ತೆ ಕಾಮಗಾರಿಯ ಚಿತ್ರಗಳೇ ನನ್ನ ಮೊದಲ ಪ್ರಶ್ನೆಗೆ ಒಂದು ಸಾಕ್ಷ್ಯವೂ ಆಗುತ್ತವೆ.

ಗೆರೆ ಹೊರಗಿನಿಂದ ಬಂದದ್ದಾದರೆ ಆ ಹೊರಗು ಇಲ್ಲವಾದಾಗ ಅದೂ ಸಡಿಲವಾಗಬೇಕಿತ್ತು. 1914ರ ನಂತರ ಕಾಂಡಿನ್‌ಸ್ಕಿ ಇಲ್ಲ; ಯಾವ್ಲೆನ್ಸ್ಕಿ, ವೆರೆಫ್ಕಿನ್ ಇಬ್ಬರೂ ಸ್ವಿಟ್ಸರ್‌ಲ್ಯಾಂಡ್ ಸೇರಿದರು; ಬಳಗವೇ ಚದುರಿತು. 1920ರ ದಶಕದ ಬಹುಭಾಗ ಮ್ಯುಂಟರ್ ಒಂದು ನೆಲೆಯಿಲ್ಲದೆ ಊರೂರು ಅಲೆದರು, ತೈಲಚಿತ್ರಗಳು ಬಹಳ ವಿರಳವಾದವು. ಆ ವರ್ಷಗಳಲ್ಲಿ ಅವರು ಬಿಡದೆ ಮಾಡಿದ್ದು ಪೆನ್ಸಿಲ್ ರೇಖಾಚಿತ್ರ: ಕನಿಷ್ಠ ಗೆರೆಗಳಲ್ಲಿ ಹಿಡಿದ ಹೆಂಗಸರ ಭಾವಚಿತ್ರಗಳು. ಬಣ್ಣವೆಲ್ಲ ಹೋದಾಗಲೂ ಉಳಿದದ್ದು ಗೆರೆಯೇ ಎಂಬುದನ್ನು ಗಮನಿಸಬೇಕು. 1931ರಲ್ಲಿ ಅವರು ಮುರ್ನಾವ್‌ಗೆ ಮರಳಿ ನೆಲೆಸಿ, 1909ರಲ್ಲಿ ತಾವೇ ಕೊಂಡಿದ್ದ, ಊರವರು ರಷ್ಯನ್ನರ ಮನೆ ಎಂದು ಕರೆಯುತ್ತಿದ್ದ ಮನೆಯನ್ನು ಮರಗಳ ನಡುವೆ ನಿಂತಂತೆ ಬರೆದರು. ಅದರ ಗೆರೆ 1908ರ ಗೆರೆಗಿಂತ ಸಮಾಧಾನದ್ದು, ಆದರೆ ಬಣ್ಣವನ್ನು ಅದರ ಜಾಗದಲ್ಲಿ ನಿಲ್ಲಿಸುವ ಕೆಲಸ ಅದೇ. 1934ರ ‘ಹಕ್ಕಿಗಳ ಉಪಾಹಾರ’ದಲ್ಲಿ ಕಿಟಕಿಯ ಮುಂದೆ ನಮಗೆ ಬೆನ್ನು ಮಾಡಿ ಕುಳಿತ ಹೆಂಗಸು, ಹೊರಗಿನ ಹಿಮ ಹೊತ್ತ ಕೊಂಬೆ, ಅದರ ಮೇಲಿನ ಹಕ್ಕಿಗಳು ಎಲ್ಲವೂ ಆ ಗೆರೆಯಿಂದಲೇ ಕಟ್ಟಿದಂತಿವೆ. ನೀಲಿ ಯಂತ್ರದ ಚಿತ್ರದಲ್ಲೂ ಅದೇ ಕೈ ಕಾಣುತ್ತದೆ.

ಆದ್ದರಿಂದ ಯಾವ್ಲೆನ್ಸ್ಕಿಯವರ ಮಾತಿನಿಂದ ಬಂದ ಧೈರ್ಯ, ಮುರ್ನಾವ್‌ನ ಗಾಳಿಯ ನೀಲಿ, ರಾಂಬೋಲ್ಡ್ ಅವರ ಗಾಜು ಇವೆಲ್ಲಕ್ಕೂ ಅವುಗಳ ಸ್ಥಾನವನ್ನು ಕೊಟ್ಟ ಮೇಲೂ, ಗೆರೆ ಮ್ಯುಂಟರ್ ಅವರದೇ ಎಂದು ನಾನು ಹೇಳುತ್ತೇನೆ. ಅದು ಪೆನ್ಸಿಲ್‌ನಲ್ಲಿತ್ತು, ಕ್ಯಾಮೆರಾದ ಚೌಕಟ್ಟಿನಲ್ಲಿತ್ತು, ಲಿನೋ ಹಲಗೆಯಲ್ಲಿತ್ತು. ತೈಲವರ್ಣಕ್ಕೆ ಬರುವುದಷ್ಟೇ ಬಾಕಿಯಿತ್ತು. ಮೇಷ್ಟ್ರೇ, ಮಕ್ಕಳಿಗೆ ತೋರಿಸುವಾಗ ಸಾಧ್ಯವಾದರೆ 1906ರ ‘ಆರೆಲಿ’, ಈ ಹುಲ್ಲುಗಾವಲು, 1934ರ ಕಿಟಕಿ ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ತೋರಿಸಿ, ಬಣ್ಣವನ್ನು ಬಿಟ್ಟು ಹೊರಗೆರೆಯನ್ನು ಮಾತ್ರ ಅವರಿಂದ ಪೆನ್ಸಿಲ್‌ನಲ್ಲಿ ತೆಗೆಸಿ. ಅವರು ಬರೆದದ್ದನ್ನು ಇಲ್ಲಿ ಹಂಚಿಕೊಂಡರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.